ಅಜ್ಜನ ತೂಕ

ಕೊರವ ಮೀನಿನ ಮರಿಗಳಿಗೆ ಮೂರು ದಿನಕ್ಕೊಮ್ಮೆ ಜರಡಿ ಹಿಡಿಯಲೇಬೇಕು. ಇಲ್ಲದಿದ್ದರೆ ನಾಲ್ಕನೆಯ ದಿನ ತೊಟ್ಟಿಯಲ್ಲಿ ಅರ್ಧ ಮರಿಗಳೂ ಉಳಿದಿರುವುದಿಲ್ಲ. ಎಲ್ಲಿ ಹೋದವು ಎಂದು ಕೇಳುವ ಅಗತ್ಯವೂ ಇಲ್ಲ. ಒಂದೇ ತಾಯಿಯ ಮರಿಗಳು, ಒಂದೇ ದಿನ ಮೊಟ್ಟೆಯೊಡೆದು ಬಂದವು. ಆದರೂ ಅವುಗಳಲ್ಲಿ ಯಾವುದೋ ಒಂದಕ್ಕೆ ಮೊದಲ ತುತ್ತು ಬೇಗ ಸಿಗುತ್ತದೆ, ಅದು ಕೂದಲೆಳೆಯಷ್ಟು ದೊಡ್ಡದಾಗುತ್ತದೆ, ದೊಡ್ಡದಾದದ್ದಕ್ಕೆ ಎರಡನೆಯ ತುತ್ತು ಇನ್ನೂ ಸಲೀಸು. ವಾರ ಕಳೆಯುವಷ್ಟರಲ್ಲಿ ಅದರ ಬಾಯಿ ಪಕ್ಕದ ತಮ್ಮನ ತಲೆ ಹಿಡಿಸುವಷ್ಟು ಅಗಲವಾಗಿರುತ್ತದೆ. ಹಿನ್ನೀರಿನ ದಂಡೆಯ ಮೀನು ಕೇಂದ್ರದ ಹೆಂಗಸರು ಅಂಥ ಮರಿಗೆ ಭೀಮ ಎಂದು ಹೆಸರಿಟ್ಟಿದ್ದರು.

ದುಂಡವ್ವ ಹನ್ನೊಂದು ವರ್ಷ ಭೀಮರನ್ನು ಹಿಡಿದವಳು. ಹೆಸರೇನೋ ದುಂಡವ್ವ, ಆಳು ಮಾತ್ರ ನಲವತ್ತಾರು ಕೆಜಿಯ ಸೌದೆ ಕಡ್ಡಿ. ಕುಪ್ಪಸದ ಅಳತೆ ತೆಗೆದುಕೊಳ್ಳುವ ದರ್ಜಿ ಕೂಡ ನಕ್ಕುಬಿಡುತ್ತಿದ್ದ. ಮೊಣಕಾಲುದ್ದ ನೀರಿನಲ್ಲಿ ನಿಂತು, ಬಲೆಯ ತಳದ ಜರಡಿಯನ್ನು ಅದ್ದಿ ಮೆಲ್ಲಗೆ ಅಲುಗಿಸಿದರೆ ಸಣ್ಣವು ಕೆಳಗೆ ಸೋರಿಹೋಗುತ್ತವೆ, ದೊಡ್ಡವು ಮೇಲೆ ಉಳಿಯುತ್ತವೆ. ದೊಡ್ಡವು ಆ ತೊಟ್ಟಿಗೆ, ಸಣ್ಣವು ಈ ತೊಟ್ಟಿಗೆ. ಹೊಸದಾಗಿ ಬಂದ ಹುಡುಗಿಯರಿಗೆ ಅವಳು ಕಲಿಸುತ್ತಿದ್ದದ್ದು ಒಂದೇ ಮಾತು: "ಇದು ಪಾಪ, ಸಣ್ಣದೈತಿ, ಅಲ್ಲೇ ಇರ್ಲಿ ಅನಬ್ಯಾಡ್ರಿ. ನೀವು ಬಿಟ್ರ ಅವು ಬಿಡೂದಿಲ್ಲ."

ಆ ಜರಡಿಯನ್ನು ಗೋಡೆಗೆ ನೇತುಹಾಕಿಸಿದ್ದು ಕಟ್ಟಿ ಮೇಡಂ. ಡಾಕ್ಟರ್ ಅನುರಾಧಾ ಕಟ್ಟಿ ಎಂದು ಬಾಗಿಲ ಮೇಲೆ ಬರೆದಿತ್ತು. ಧಾರವಾಡದ ಕಡೆಯವರು, ಐವತ್ತರ ಆಸುಪಾಸು, ಹದಿನೈದು ವರ್ಷ ಮೀನಿನ ಉಚ್ಚೆಯನ್ನೇ ಓದಿದವರು. ಓದಿದ್ದು ವ್ಯರ್ಥವಾಗಲಿಲ್ಲ.

"ಸಣ್ಣ ಮೀನು ದೊಡ್ಡ ಮೀನನ್ನ ಕಣ್ಣಿಲೆ ನೋಡಿ ಹೆದರೂದಿಲ್ಲ, ದುಂಡವ್ವ," ಎಂದು ಅವರು ವಿವರಿಸಿದ್ದರು. "ನೀರಿನಾಗ ವಾಸನಿ ಹಿಡದು ಹೆದರತದ. ದೊಡ್ಡದರ ಮೈಯಿಂದ ಒಂದು ರಸ ಇಳೀತದ. ಅದು ಮೂಗಿಗೆ ಬಿತ್ತಂದ್ರ ಸಣ್ಣದರ ಹಸಿವೇ ಆರಿಹೋಗತದ. ಹಸಿವಿಲ್ಲದ್ದು ಮುಂದ ಬರೂದಿಲ್ಲ, ಮುಂದ ಬರದ್ದು ಸಾಯೂದಿಲ್ಲ. ಆ ರಸಾನ ನಾವ ಮಾಡಿ ತೊಟ್ಟಿಗೆ ಬಿಟ್ರ? ಎಲ್ಲಾ ಮೀನಿಗೂ ತನಗಿಂತ ದೊಡ್ಡದೊಂದು ಇಲ್ಲೇ ಎಲ್ಲೋ ಅದ ಅನಸ್ತದ. ಯಾವದೂ ಯಾವದನ್ನೂ ಕಚ್ಚೂದಿಲ್ಲ."

"ಅಂದ್ರ ಮನ್ಯಾಗ ಹಿರ್ಯಾ ಕುಂತಂಗ," ಎಂದಿದ್ದಳು ದುಂಡವ್ವ.

ಅಂದಿನಿಂದ ಆ ಯಂತ್ರಕ್ಕೆ ಅಜ್ಜ ಎಂದೇ ಹೆಸರಾಯಿತು. ಕಂಟ್ರೋಲ್ ರೂಮಿನ ಗೋಡೆಗೆ ಒಂದು ಬಿಳಿ ಪೆಟ್ಟಿಗೆ, ಒಳಗೆ ಏಳು ಶೀಶೆ, ಶೀಶೆಗಳಿಂದ ತೊಟ್ಟಿಗಳಿಗೆ ಹೋಗುವ ಸಣ್ಣ ಕೊಳವೆಗಳು. ಪೆಟ್ಟಿಗೆಯ ಮೇಲೊಂದು ತಿರುವುವ ಗುಂಡಿ, ಅದರ ಸುತ್ತ ಕೆಜಿಯ ಅಂಕಿಗಳು. ಗುಂಡಿಯನ್ನು ಎರಡಕ್ಕಿಟ್ಟರೆ ಎರಡು ಕೆಜಿಯ ಅಜ್ಜ ತೊಟ್ಟಿಗಿಳಿದು ಕುಳಿತಂತೆ. ಅವನಿಗಿಂತ ಹಗುರವಾದದ್ದೆಲ್ಲ ತಳ ಹಿಡಿದು ಸುಮ್ಮನಾಗುತ್ತಿತ್ತು. ದಿನಕ್ಕೆ ನಾಲ್ಕು ಸಲ ಹತ್ತು ನಿಮಿಷ ನೀರು ಬದಲಿಸಿ ಅಜ್ಜನನ್ನು ಕಳಿಸುವುದು, ಆಹಾರದ ಕಾಳು ಚೆಲ್ಲುವುದು, ಎಲ್ಲವೂ ಒಂದಷ್ಟು ತಿನ್ನುವುದು, ಮತ್ತೆ ಅಜ್ಜ ಬರುವುದು. ಮರಿಗಳೆಲ್ಲ ಅಚ್ಚಿನಲ್ಲಿ ಹೊಯ್ದಂತೆ ಒಂದೇ ಗಾತ್ರಕ್ಕೆ ಬೆಳೆದವು. ಒಂದು ಭೀಮನೂ ಹುಟ್ಟಲಿಲ್ಲ. ಜರಡಿಯ ಹೆಂಗಸರಲ್ಲಿ ಹತ್ತು ಜನರನ್ನು ಪ್ಯಾಕಿಂಗಿಗೆ ಹಾಕಿದರು. ಹತ್ತನೇ ತರಗತಿ ಪಾಸಾಗಿದ್ದ ದುಂಡವ್ವನನ್ನು ಕುರ್ಚಿಯ ಮೇಲೆ ಕೂರಿಸಿ ಅಜ್ಜನ ಗುಂಡಿ ನೋಡಿಕೊಳ್ಳಲು ಹೇಳಿದರು. ಅವಳಿಗೆ ಆ ಕುರ್ಚಿಯ ಬಗ್ಗೆ ಹೆಮ್ಮೆಯಿತ್ತು. ಮೊದಲ ದಿನ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಿದ್ದಳು.

ಒಂದೇ ತೊಂದರೆ. ಮೀನುಗಳಿಗೆ ಅಜ್ಜ ರೂಢಿಯಾಗಿಬಿಡುತ್ತಿದ್ದ. ತಿಂಗಳು ಕಳೆಯುವಷ್ಟರಲ್ಲಿ ಒಂದೆರಡು ಮೀನು ಮೇಲೆದ್ದು ಬಾಯಿ ತೆರೆದು ಸುತ್ತತೊಡಗುತ್ತಿದ್ದವು. ಆಗ ಮೇಡಂ ಗುಂಡಿ ಏರಿಸಲು ಹೇಳುತ್ತಿದ್ದರು. ಎರಡರಿಂದ ಐದು, ಐದರಿಂದ ಎಂಟು, ಎಂಟರಿಂದ ಹನ್ನೆರಡು.

ದುಂಡವ್ವನ ಊರಾದ ಹೊಸ ಕಂದಿಕೊಪ್ಪದ ನೀರಿನ ವಿಷಯ ಇಲ್ಲಿ ಹೇಳಬೇಕು. ಹಳೆಯ ಊರು ಹಿನ್ನೀರಿನಲ್ಲಿ ಮುಳುಗಿದಾಗ ಜನರನ್ನು ಗುಡ್ಡದ ಮೇಲಿನ ಈ ಪುನರ್ವಸತಿ ಊರಿಗೆ ತಂದು ಬಿಟ್ಟಿದ್ದರು. ನದಿಯನ್ನೇ ಕುಡಿದು ಬೆಳೆದವರಿಗೆ ಸವಳು ಬೋರ್‌ವೆಲ್ ಗತಿಯಾಯಿತು. ಆ ನೀರಿಗೆ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ, ಮಕ್ಕಳ ಹಲ್ಲು ಹಳದಿಗಟ್ಟುತ್ತವೆ. ದುಂಡವ್ವನ ಹಿರಿಯ ಮಗಳು ಕಸ್ತೂರಿ ಒಂಬತ್ತು ವರ್ಷಕ್ಕೇ ಬಾಯಿ ಮುಚ್ಚಿ ನಗಲು ಕಲಿತಿದ್ದಳು. ಮೀನು ಕೇಂದ್ರದವರು ತೊಟ್ಟಿಗಳಿಂದ ಹೊರಬಿಟ್ಟ ನೀರನ್ನು ಸೋಸಿ ಶುದ್ಧ ಮಾಡುತ್ತಿದ್ದರು. ಅದು ಸಕ್ಕರೆಯಂತೆ ಸಿಹಿ. ಕೆಲಸದವರು ಒಂದೊಂದು ಕ್ಯಾನು ಮನೆಗೆ ಒಯ್ಯಬಹುದಿತ್ತು. ದುಂಡವ್ವ ಅದನ್ನು ಕಾಸಿ ಆರಿಸಿ ಚಿಕ್ಕವಳಿಗೆಂದೇ ಎತ್ತಿಡುತ್ತಿದ್ದಳು. ನಾಲ್ಕು ತುಂಬಿದ ಬನಶಂಕರಿ, ಮನೆಯವರ ಬಾಯಲ್ಲಿ ಶಂಕ್ರಿ. ಅವಳ ಹಲ್ಲು ಮಲ್ಲಿಗೆ ಮೊಗ್ಗಿನಂತೆ ಇದ್ದವು.

ತನ್ನ ಮಗಳಿಗಷ್ಟೇ ಒಯ್ಯುವುದು ಸರಿಕಾಣದೆ ದುಂಡವ್ವ ಮೇಡಂಗೆ ದುಂಬಾಲು ಬಿದ್ದಳು. ಮೇಡಂ ಕೇಂದ್ರ ನಡೆಸುವ ಕಂಪನಿಯವರಿಗೆ ಬರೆದರು. ಮೊದಲು ಅಂಗನವಾಡಿಗೆ ನಲ್ಲಿ ಬಂತು, ಆಮೇಲೆ ಊರಿಗೆಲ್ಲ. ಪಂಚಾಯಿತಿಯವರು ಬೋರಿನ ಮೋಟಾರು ಬಿಚ್ಚಿ ಬೇರೆ ಊರಿಗೆ ಒಯ್ದರು. ನಲ್ಲಿಗೆ ಪೂಜೆ ಮಾಡಿದ ದಿನ ಹೆಂಗಸರು ದುಂಡವ್ವನಿಗೆ ಉಡಿ ತುಂಬಿದರು.

* * *

ಶಂಕ್ರಿ ಊಟ ಬಿಟ್ಟದ್ದು ಒಂದೇ ದಿನದಲ್ಲಿ. ಬೆಳಿಗ್ಗೆ ರೊಟ್ಟಿ ಮುರಿದು ಹಾಲಿನಲ್ಲಿ ಕಲಸಿ ಕೊಟ್ಟರೆ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಯಾಕಬೇ?"

"ಒಲ್ಲೆ."

"ಬೆಲ್ಲಾ ಹಾಕ್ಲಿ?"

"ಹಸಿವಿಲ್ಲಬೇ," ಎಂದಳು ಮಗು. ಹಟವಿರಲಿಲ್ಲ, ಅಳುವಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಮೂಲೆಯಲ್ಲಿ ಕುಳಿತು ಬಾಗಿಲ ಕಡೆ ನೋಡುತ್ತಿದ್ದಳು, ಯಾರೋ ಬರುವವರಿದ್ದಾರೆ ಎನ್ನುವಂತೆ.

ಜ್ವರವಿಲ್ಲ, ಭೇದಿಯಿಲ್ಲ. ದೃಷ್ಟಿ ತೆಗೆದಳು, ಹೊಟ್ಟೆಗೆ ಎಣ್ಣೆ ತಿಕ್ಕಿದಳು. ಕಬ್ಬಿನ ಲಾರಿ ಓಡಿಸುವ ಗಂಡ ಯಮನಪ್ಪ ಹದಿನೈದು ದಿನಕ್ಕೊಮ್ಮೆ ಬರುವವನು, ಎಂಬತ್ತು ಕೆಜಿಯ ಗಟ್ಟಿ ಆಳು. ಬಂದು ಎಂಟು ರೊಟ್ಟಿ ಉಂಡು, "ಹುಡುಗೂರು ಹಂಗ, ಹಸದ್ರ ತಾವ ಕೇಳ್ತಾವ," ಎಂದು ಹೇಳಿ ಹೋದ. ಮಗು ಕೇಳಲಿಲ್ಲ. ಹನ್ನೊಂದು ಕೆಜಿ ಆರುನೂರು ಗ್ರಾಂ ಇದ್ದವಳು ಮೂರು ವಾರದಲ್ಲಿ ಹತ್ತೂವರೆಗೆ ಇಳಿದಳು. ತುತ್ತು ಬಾಯಿಗಿಟ್ಟು ಮೂಗು ಹಿಡಿದರೆ ನುಂಗುತ್ತಿದ್ದಳು, ನುಂಗಿದ್ದನ್ನು ವಾಂತಿ ಮಾಡಿಕೊಳ್ಳುತ್ತಿದ್ದಳು.

ತಾಲ್ಲೂಕಿನ ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡರು. ಎಲ್ಲ ಪರೀಕ್ಷೆ ಮಾಡಿ ಏನೂ ಇಲ್ಲ ಎಂದರು. ಎರಡನೆಯ ದಿನ ಮಧ್ಯಾಹ್ನ ಶಂಕ್ರಿ ತಾನಾಗಿ ಎದ್ದು ಕುಳಿತಳು. ಪಕ್ಕದ ಮಂಚದ ಮಗುವಿನ ಕೈಯಲ್ಲಿದ್ದ ಬ್ರೆಡ್ಡನ್ನು ಕಿತ್ತುಕೊಂಡು ಗಬಗಬ ತಿಂದಳು. ಆ ಮಗು ಚೀರಿತು. ಅದರ ಬೆರಳಿನ ಮೇಲೆ ಹಲ್ಲಿನ ಗುರುತು ಮೂಡಿತ್ತು. ಬೈಯಬೇಕೆಂದುಕೊಂಡರೂ ದುಂಡವ್ವನಿಗೆ ಬಾಯಿ ಬರಲಿಲ್ಲ, ಅಷ್ಟು ಸಂತೋಷವಾಗಿತ್ತು. ಔಷಧಿ ಹತ್ತಿತು ಎಂದುಕೊಂಡು ಮಗಳನ್ನು ಎತ್ತಿಕೊಂಡು ಊರಿಗೆ ಬಂದಳು. ಮಗು ಚೇತರಿಸಿಕೊಳ್ಳಲಿ ಎಂದು ಸಿಹಿನೀರನ್ನು ಮೊದಲಿಗಿಂತ ಹೆಚ್ಚೇ ಕುಡಿಸಿದಳು. ಮರುದಿನ ಶಂಕ್ರಿ ಮತ್ತೆ ಮೂಲೆ ಹಿಡಿದಳು.

* * *

ತಿಂಗಳ ಕೊನೆಗೆ ಅಂಗನವಾಡಿಯಲ್ಲಿ ಮಕ್ಕಳನ್ನು ತೂಗುವ ದಿನ. ರಾಜಮಾ ಟೀಚರು ಜೋಲಿ ತಕ್ಕಡಿಗೆ ಒಂದೊಂದೇ ಮಗುವನ್ನು ಹಾಕಿ ಪುಸ್ತಕದಲ್ಲಿ ಬರೆಯುತ್ತಿದ್ದಳು. ಎಪ್ಪತ್ತು ಕೆಜಿಯ ನಗುಮುಖದ ಹೆಂಗಸು, ಆದರೆ ಅಂದು ನಗುತ್ತಿರಲಿಲ್ಲ.

"ನಿನ್ನ ಮಗಳೊಬ್ಬಾಕಿ ಅಲ್ಲ ದುಂಡಿ," ಎಂದಳು. "ಎಂಟು ಹುಡುಗೂರು ಮೊಟ್ಟಿ ಮುಟ್ಟವಲ್ವು. ಉಳದವು ಹೊಡದಾಡಿ ತಿಂತಾವು. ಒಂದ ಓಣ್ಯಾವು, ಒಂದ ಮನ್ಯಾವು ಅದಾವು. ದೊಡ್ಡದು ತಿಂತೈತಿ, ಸಣ್ಣದು ಒಲ್ಲೆ ಅಂತೈತಿ."

"ಸಣ್ಣವು ಅಂದ್ರ ಎಷ್ಟು ವರ್ಸದವು?"

"ವರ್ಸದ ಮಾತಲ್ಲಬೇ. ಐದ ವರ್ಸದ ಸಣಕಲಾನೂ ಒಲ್ಲೆ ಅಂತಾನ, ಮೂರ ವರ್ಸದ ಗುಂಡಪ್ಪಾ ಎರಡು ಮೊಟ್ಟಿ ತಿಂತಾನ." ರಾಜಮಾ ಪುಸ್ತಕದ ಮೇಲೆ ಬೆರಳಿಟ್ಟಳು. "ಇಲ್ಲಿ ನೋಡು. ಹನ್ನೆರಡು ಕೆಜಿ ದಾಟಿದವು ತಿಂತಾವು. ಹನ್ನೆರಡು ದಾಟದವು ತಿನ್ನೂದಿಲ್ಲ. ಗೆರಿ ಎಳದಂಗ."

ಹನ್ನೆರಡು ಎಂಬ ಅಂಕಿ ಅಜ್ಜನ ಗುಂಡಿ ತಿರುವಿದ ದುಂಡವ್ವನ ಬೆರಳಿಗೆ ಗೊತ್ತಿತ್ತು. ಆದರೆ ಮನುಷ್ಯನ ಮನಸ್ಸು ತನಗೆ ಬೇಡವಾದದ್ದನ್ನು ಎಷ್ಟು ಚೆನ್ನಾಗಿ ಮರೆಯಬಲ್ಲದು! ಮೀನಿಗೂ ಮಕ್ಕಳಿಗೂ ಏನು ಸಂಬಂಧ ಎಂದು ತನಗೆ ತಾನೇ ಹೇಳಿಕೊಂಡಳು. ಆ ನಲ್ಲಿಗಾಗಿ ಉಡಿ ತುಂಬಿಸಿಕೊಂಡವಳು ಬೇರೆ ಏನು ತಾನೆ ಹೇಳಿಕೊಂಡಾಳು?

ಮುಂದಿನ ವಾರ ಮೀನುಗಳು ಮತ್ತೆ ಮೇಲೆದ್ದವು. ಗುಂಡಿ ಹದಿನಾರಕ್ಕೆ ಹೋಯಿತು. ಮೂರೇ ದಿನಕ್ಕೆ ರಾಜಮಾ ಹೇಳಿದ್ದ ಎರಡು ಮೊಟ್ಟೆಯ ಗುಂಡಪ್ಪನೂ ಮೊಟ್ಟೆ ಮುಟ್ಟದಾದ. ಆಗ ಮಾತ್ರ ದುಂಡವ್ವ ಕಂಟ್ರೋಲ್ ರೂಮಿನಲ್ಲಿ ಕಟ್ಟಿ ಮೇಡಂ ಮುಂದೆ ನಿಂತು ಎಲ್ಲವನ್ನೂ ಹೇಳಿದಳು.

ಮೇಡಂ ನಗಲಿಲ್ಲ, ಬೈಯಲೂ ಇಲ್ಲ. ಅದೇ ತಪ್ಪಾಯಿತೇನೋ. "ಮನಷ್ಯಾನ ಮೂಗು ಮೀನಿನ ಮೂಗಲ್ಲ, ದುಂಡವ್ವ," ಎಂದು ಸಮಾಧಾನ ಹೇಳಿದರು. "ಆ ರಸ ಮೀನಿಗಷ್ಟೇ ತಿಳೀತದ. ಅದೂ ಅಲ್ದ ಫಿಲ್ಟರ್ ಅದ. ಊರಾಗ ಯಾವದೋ ಜಂತಿನ ಕಾಟ ಇರಬೇಕು. ನಾ ನೀರಿನ ಸ್ಯಾಂಪಲ್ ಕಳಸ್ತೀನಿ, ಆತಿಲ್ಲೊ?"

ಸ್ಯಾಂಪಲ್ ಹೋಯಿತು. ಉತ್ತರ ಬರುವ ಮುಂಚೆ ಮೀನುಗಳು ಹದಿನಾರಕ್ಕೂ ರೂಢಿಯಾದವು. ಅವುಗಳ ಕಣ್ಣು ಬೇರೆ ಥರ ಆಗಿದ್ದವು. ಕಾಳು ಚೆಲ್ಲುವ ಹತ್ತು ನಿಮಿಷದಲ್ಲಿ ಅವು ಕಾಳನ್ನು ನುಂಗುತ್ತಲೇ ಒಂದನ್ನೊಂದು ನೋಡುತ್ತಿದ್ದವು. ಮೀನು ಬೇಕಾದವರು ಅವಸರ ಮಾಡುತ್ತಿದ್ದರು. ಕಂಪನಿಯಿಂದ ಫೋನು ಬಂತು. ಒಂದೊಂದೇ ಏರಿಸುತ್ತ ಕೂರಬೇಡಿ, ಒಮ್ಮೆಗೇ ಅವು ಮಿಸುಕದಷ್ಟು ಏರಿಸಿ ಎಂದರು. ಇಪ್ಪತ್ತೈದು, ಒಂದು ವಾರಕ್ಕೆ ನಲವತ್ತು, ಮತ್ತೆ ನಾಲ್ಕು ದಿನಕ್ಕೆ ಅರವತ್ತು.

ಇಪ್ಪತ್ತೈದರ ದಿನ ಕಸ್ತೂರಿ ಶಾಲೆಯ ಬಿಸಿಯೂಟ ಮುಟ್ಟದೆ ಬಂದಳು. ಅವಳ ತೂಕ ಇಪ್ಪತ್ತೆರಡು.

* * *

ಅರವತ್ತಕ್ಕೆ ಏರಿಸಿದ ಮೂರನೆಯ ಬೆಳಿಗ್ಗೆ, ಶನಿವಾರ, ಶಂಕ್ರಿ ಎಬ್ಬಿಸಿದರೂ ಏಳಲಿಲ್ಲ. ಕಣ್ಣು ತೆರೆದು ನೋಡಿದಳು, ಅಷ್ಟೇ. ಒಂಬತ್ತು ಕೆಜಿಯ ಮಗುವನ್ನು ರಾಜಮಾಳ ಮಡಿಲಿಗೆ ಹಾಕಿ, ಆಂಬುಲೆನ್ಸಿಗೆ ಫೋನು ಮಾಡಿಸಿ, ದುಂಡವ್ವ ಓಡುತ್ತ ಕೇಂದ್ರಕ್ಕೆ ಬಂದಳು. ಆಂಬುಲೆನ್ಸಿನವರು ಬರಲು ಮಧ್ಯಾಹ್ನವಾದೀತು ಎಂದಿದ್ದರು. ಸುತ್ತಲಿನ ಹಳ್ಳಿಗಳಿಗೆಲ್ಲ ಅದೊಂದೇ.

ಕಟ್ಟಿ ಮೇಡಂ ಮೇಜಿನ ಮುಂದೆ ಕುಳಿತಿದ್ದರು. ಮೇಜಿನ ಮೇಲೆ ಎರಡು ಟಿಫಿನ್ ಡಬ್ಬಿಗಳಿದ್ದವು, ನಿನ್ನೆಯದೊಂದು, ಇಂದಿನದೊಂದು. ಎರಡನ್ನೂ ತೆರೆದಿರಲಿಲ್ಲ.

"ಉಂಡಿಲ್ಲೇನ್ರೀ ಮೇಡಂ?"

"ಯಾಕೋ ಎರಡ ದಿನಾತು, ಹಸಿವೇ ಆಗವಲ್ದು," ಎಂದರು ಮೇಡಂ, ಯಾವುದೋ ಕಾಗದ ನೋಡುತ್ತಲೇ. ಹೇಳಿದ ಮೇಲೆ ತಾವು ಹೇಳಿದ್ದು ಅವರ ಕಿವಿಗೇ ಬಿತ್ತು. ಮೆಲ್ಲಗೆ ತಲೆಯೆತ್ತಿದರು.

ದುಂಡವ್ವನಿಗೂ ನೆನಪಾಯಿತು. ನಿನ್ನೆಯಿಂದ ಅವಳೂ ಏನೂ ತಿಂದಿರಲಿಲ್ಲ. ಮಗಳ ಸಂಕಟಕ್ಕೆ ಗಂಟಲಲ್ಲಿ ಇಳಿಯುತ್ತಿಲ್ಲ ಎಂದುಕೊಂಡಿದ್ದಳು.

"ನಿಮ್ಮ ತೂಕ ಎಷ್ಟ್ರೀ?"

"ಐವತ್ನಾಲ್ಕು," ಎಂದರು ಮೇಡಂ.

ಇಬ್ಬರೂ ಗೋಡೆಯ ಬಿಳಿ ಪೆಟ್ಟಿಗೆಯ ಕಡೆ ನೋಡಿದರು. ಗುಂಡಿ ಅರವತ್ತರ ಮೇಲಿತ್ತು. ಕಟ್ಟಿ ಮೇಡಂ ಮುಖ ಸುಣ್ಣ ಬಳಿದಂತಾಯಿತು. ಹದಿನೈದು ವರ್ಷ ಓದಿದ್ದು ಅವರಿಗೆ ಆ ಒಂದು ಗಳಿಗೆಯಲ್ಲಿ ಅರ್ಥವಾಯಿತೋ ಏನೋ. ದೊಡ್ಡದಕ್ಕೆ ದಾರಿಬಿಟ್ಟು ಹಸಿವನ್ನು ಆರಿಸಿಕೊಳ್ಳುವ ಆ ಹಳೆಯ ಬುದ್ಧಿ ಮೀನಿಗಿಂತಲೂ ಹಳೆಯದು. ನೀರು ಬಿಟ್ಟು ನೆಲಕ್ಕೆ ಹತ್ತಿದವರೂ ಅದನ್ನು ಮೈಯಲ್ಲಿ ಹೊತ್ತೇ ತಂದಿದ್ದರು.

"ಬಂದ್ ಮಾಡ್ರಿ," ಎಂದಳು ದುಂಡವ್ವ.

"ತಡಿ. ತಡಿ ದುಂಡವ್ವ." ಮೇಡಂ ಎದ್ದು ಪೆಟ್ಟಿಗೆಗೆ ಅಡ್ಡ ನಿಂತರು. "ಒಮ್ಮೆಲೆ ಬಂದ್ ಮಾಡಬಾರದು. ದಿನಕ್ಕ ಒಂದೊಂದ ಕೆಜಿ ಇಳಸಬೇಕು. ಲ್ಯಾಬಿನಾಗ ಒಂದ್ಸಲ ಕರೆಂಟು ಹೋಗಿ ಸಣ್ಣ ತೊಟ್ಟಿಗೆ ಅಜ್ಜ ಬರೂದು ನಿಂತಿತ್ತು. ಆಗ ಏನಾತು ಅಂದ್ರ..."

"ದಿನಕ್ಕೊಂದು ಕೆಜಿ ಅಂದ್ರ ಅರವತ್ತ ದಿನ ಆತ್ರಿ. ನನ್ನ ಮಗಳು ಅರವತ್ತ ತಾಸು ತಡಿಯೂದಿಲ್ಲ."

"ಅಕಿಗೆ ಬ್ಯಾರೆ ಹಾದಿ ಹುಡಕೂಣು. ಸಲೈನ್ ಹಚ್ಚಸೂಣು. ನಾ ಈಗ ಜಿಲ್ಲಾ ಆರೋಗ್ಯಾಧಿಕಾರಿಗೆ ಫೋನ್ ಮಾಡ್ತೀನಿ. ನನ್ನ ಮಾತು ಕೇಳು, ಇದನ್ನ ಮುಟ್ಟಬ್ಯಾಡ." ಕೋಣೆಯೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಮೇಡಂ ಫೋನು ಹಿಡಿದು ಹೊರಗೆ ಹೋದರು.

ದುಂಡವ್ವ ಮೇಡಂ ಮಾತನ್ನು ಎಂದೂ ಮೀರಿದವಳಲ್ಲ. ಆದರೆ ಸಲೈನ್ ಹಚ್ಚಿಸಬೇಕಾದ ಮಕ್ಕಳು ಊರಿನಲ್ಲಿ ನೂರರ ಮೇಲಿದ್ದರು, ಆಂಬುಲೆನ್ಸು ಒಂದಿತ್ತು, ಮತ್ತು ಈ ನೀರನ್ನು ಊರಿಗೆ ತಂದವಳು ತಾನು. ಅವಳು ಗುಂಡಿ ಹಿಡಿದು ಅರವತ್ತರಿಂದ ಸೊನ್ನೆಗೆ ತಿರುವಿದಳು. ಆಮೇಲೆ ಮೇಡಂ ಮತ್ತೆ ಏರಿಸದಂತೆ ಆ ಗುಂಡಿಯನ್ನು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡಳು.

ನೀರು ಬದಲಿಸದಿದ್ದರೆ ಅದರಿಂದ ಅಜ್ಜ ತಾನಾಗಿ ಹೋಗಲು ಒಂದು ಗಂಟೆ ಬೇಕು. ಆ ಒಂದು ಗಂಟೆ ತೊಟ್ಟಿಗಳು ಸುಮ್ಮನಿದ್ದವು. ಆಮೇಲೆ ನಾಲ್ಕನೆಯ ತೊಟ್ಟಿಯಲ್ಲಿ ಒಂದು ಮೀನು ಎದ್ದಿತು. ಪ್ಯಾಕಿಂಗಿನ ಹೆಂಗಸರು ಕಾಳಿನ ಚೀಲ ತಂದು ಪೂರ್ತಿ ಸುರಿದರು, ಇನ್ನೊಂದು ಚೀಲ ಸುರಿದರು. ಮೀನುಗಳು ಕಾಳು ತಿಂದವು. ಹೊಟ್ಟೆ ಬಿರಿಯುವಷ್ಟು ತಿಂದವು. ತಿಂದ ಮೇಲೆ ಒಂದರ ಮೇಲೊಂದು ಬಿದ್ದವು. ನೀರು ಎಸರಿಟ್ಟ ಪಾತ್ರೆಯಂತೆ ಕುದಿಯಿತು. ಎಲ್ಲವೂ ಒಂದೇ ಗಾತ್ರದವು, ಒಂದರ ಬಾಯಿಗೆ ಇನ್ನೊಂದು ಹಿಡಿಸುವುದಿಲ್ಲ. ಆದರೂ ನುಂಗಲು ಹೋಗಿ ಎರಡೂ ಸಾಯುತ್ತಿದ್ದವು. ದುಂಡವ್ವ ಗೋಡೆಯ ಮೇಲಿನ ಜರಡಿ ತೆಗೆದುಕೊಂಡು ನೀರಿಗೆ ಇಳಿಯಲು ಹೋದಳು. ಮೇಡಂ ಅವಳ ರಟ್ಟೆ ಹಿಡಿದು ಎಳೆದರು.

"ಯಾವದನ್ನ ಜರಡಿ ಹಿಡೀತಿ? ಎಲ್ಲಾ ಒಂದೇ ಅವ." ಎಂದರು ಮೇಡಂ. "ಸಣ್ಣವಿದ್ದಾಗ ಜಗಳಾಡಿ, ಕಚ್ಚಿಸಿಕೊಂಡು, ಯಾವದು ದೊಡ್ಡದು ಯಾವದು ಸಣ್ಣದು ಅಂತ ಅವು ಕಲೀತಿದ್ವು. ಕಲ್ತಿದ್ರ ದೂರ ನಿಲ್ಲತಿದ್ವು. ನಾವ ಕಲೀಲಿಕ್ಕೆ ಬಿಡಲಿಲ್ಲ. ಎಲ್ಲಾ ಹಸಿವು ಒಳಗ ಕೂಡಿ ಇಟ್ಟುಕೊಂಡಿದ್ವು."

ಸಂಜೆ ಐದಕ್ಕೆ ಒಂಬೈನೂರು ಮೀನಿದ್ದ ಆ ತೊಟ್ಟಿಯಲ್ಲಿ ಒಂದೇ ಒಂದು ಮೀನು ಸುತ್ತುತ್ತಿತ್ತು. ಅದರ ಹೊಟ್ಟೆ ತೊಟ್ಟಿಯ ತಳಕ್ಕೆ ತಾಗುವಂತಿತ್ತು, ಬಾಯಿ ಇನ್ನೂ ತೆರೆದೇ ಇತ್ತು.

"ನೀರಿನಾಗ ಒಂದು ತಾಸು," ಎಂದಳು ದುಂಡವ್ವ. "ಮೈಯಾಗ ಎಷ್ಟ್ರೀ ಮೇಡಂ?"

ಮೇಡಂ ಮುಖಕ್ಕೆ ಮುಖ ಕೊಡಲಿಲ್ಲ. "ಒಂದು ದಿನ," ಎಂದರು.

* * *

ಆ ಸಂಜೆ ದುಂಡವ್ವ ಮನೆಮನೆಗೆ ಹೋದಳು. ನಾಳೆ ಮಕ್ಕಳಿಗೆ ಹಸಿವಾಗುತ್ತದೆ, ದೊಡ್ಡದನ್ನೂ ಸಣ್ಣದನ್ನೂ ಒಂದು ಕಡೆ ಉಣ್ಣಿಸಬೇಡಿ, ಬೇರೆ ಬೇರೆ ಕೋಣೆಯಲ್ಲಿಡಿ ಎಂದು ಹೇಳಿದಳು. ಹಸಿವಾಗುತ್ತದೆ ಎಂಬ ಮಾತು ಮಾತ್ರ ಜನರ ಕಿವಿಗೆ ಹೋಯಿತು. "ನಿನ್ನ ಬಾಯಾಗ ಸಕ್ಕರಿ ಬೀಳ್ಲಿ," ಎಂದರು ಕೆಲವರು. "ಇವು ಮಕ್ಕಳವ್ವ, ನಿನ್ನ ಮೀನಲ್ಲ," ಎಂದು ನಕ್ಕರು ಇನ್ನು ಕೆಲವರು. ಬಹಳ ದಿನದ ಮೇಲೆ ಊರಿನಲ್ಲಿ ಕೇಳಿದ ನಗು ಅದು. ಆಂಬುಲೆನ್ಸಿನವರು ಮಧ್ಯಾಹ್ನವೇ ಬಂದು ಶಂಕ್ರಿಗೆ ಒಂದು ಬಾಟಲಿ ಏರಿಸಿ, ಜಾಗವಿಲ್ಲವೆಂದು ಅವಳಿಗಿಂತ ಹೆಚ್ಚು ಸೊರಗಿದ್ದ ಇಬ್ಬರು ಮಕ್ಕಳನ್ನು ಕರೆದೊಯ್ದಿದ್ದರು.

ಭಾನುವಾರ ಹನ್ನೊಂದರ ಹೊತ್ತಿಗೆ ಶಂಕ್ರಿ ಹಾಸಿಗೆಯಲ್ಲಿ ಎದ್ದು ಕುಳಿತು, "ಯವ್ವಾ, ರೊಟ್ಟಿ," ಎಂದಳು.

ದುಂಡವ್ವ ಅತ್ತುಬಿಟ್ಟಳು. ರಾತ್ರಿಯೆಲ್ಲ ಹೆದರಿದ್ದು ಆ ಒಂದು ಮಾತಿಗೆ ಎಲ್ಲಿ ಹೋಯಿತೋ. ಮೊದಲು ನುಚ್ಚು ಮಜ್ಜಿಗೆ, ಆಮೇಲೆ ಮೆತ್ತನೆಯ ರೊಟ್ಟಿ. ಶಂಕ್ರಿ ಉಂಡಳು. ಕಸ್ತೂರಿಯೂ ತಟ್ಟೆ ತಂದು ಕುಳಿತಳು. ಬೇರೆ ಕೂರಿಸಬೇಕೆಂದು ಊರಿಗೆಲ್ಲ ಹೇಳಿ ಬಂದವಳು ತನ್ನ ಮಕ್ಕಳು ಎದುರುಬದುರು ಕುಳಿತು ಉಣ್ಣುವುದನ್ನು ಕಣ್ತುಂಬ ನೋಡಬೇಕೆಂದು ಸುಮ್ಮನಾದಳು. ಹುಡುಗಿಯರಿಗೆ ಕಲಿಸುತ್ತಿದ್ದ ಮಾತನ್ನು ತಾನೇ ಮರೆತಳು. ಒಲೆಯ ಮುಂದೆ ಕುಳಿತು ತಟ್ಟುತ್ತ ಹೋದಳು. ಅಕ್ಕಪಕ್ಕದ ಮನೆಗಳಿಂದಲೂ ರೊಟ್ಟಿ ತಟ್ಟುವ ಸದ್ದು, ತಟ್ಟೆಯ ಸದ್ದು, ದೊಡ್ಡವರ ನಗು ಕೇಳಿಬರುತ್ತಿತ್ತು.

ಕಸ್ತೂರಿಯ ಏಳನೆಯ ರೊಟ್ಟಿಯ ಹೊತ್ತಿಗೆ ಆ ನಗು ನಿಂತದ್ದು ದುಂಡವ್ವನ ಗಮನಕ್ಕೆ ಬಂತು. ಆಚೆಮನೆಯಲ್ಲಿ ಒಂದು ಮಗು ಕಿರುಚಿತು. ಅವಳು ತಿರುಗಿ ನೋಡಿದಳು. ಕಸ್ತೂರಿಯ ತಟ್ಟೆಯಲ್ಲಿ ಎರಡು ರೊಟ್ಟಿ ಇದ್ದವು. ಆದರೂ ಅವಳು ನೋಡುತ್ತಿದ್ದದ್ದು ತಂಗಿಯ ಕೈಯಲ್ಲಿದ್ದ ತುಂಡನ್ನು. ಹಳದಿ ಹಲ್ಲು ಮುಚ್ಚಿಕೊಳ್ಳುವುದನ್ನು ಮರೆತು ಬಾಯಿ ತೆರೆದಿದ್ದಳು. ಶಂಕ್ರಿ ಮೂಲೆಗೆ ಸರಿಯಲಿಲ್ಲ. ಒಂಬತ್ತು ಕೆಜಿಯ ಕೂಸು ಅಕ್ಕನನ್ನೇ ದುರುಗುಟ್ಟಿ ನೋಡಿ ಹಲ್ಲು ಕಚ್ಚಿತು. ಮರುಕ್ಷಣ ಕಸ್ತೂರಿ ತಂಗಿಯ ಮೇಲಿದ್ದಳು, ಶಂಕ್ರಿಯ ಮುಂಗೈ ಅವಳ ಬಾಯಲ್ಲಿತ್ತು.

ಬಿಡಿಸಲು ದುಂಡವ್ವನ ಇಡೀ ಬಲ ಬೇಕಾಯಿತು. ಹಿರಿಯ ಮಗಳನ್ನು ಎಳೆದೊಯ್ದು ಅಂಗಳದ ಬಚ್ಚಲಿಗೆ ನೂಕಿ ಹೊರಗಿನಿಂದ ಅಗಳಿ ಹಾಕಿದಳು. ಕಸ್ತೂರಿ ಬಾಗಿಲು ಬಡಿಯುತ್ತಿದ್ದಳು. ಬಡಿಯುತ್ತಲೇ ಅಳುತ್ತಿದ್ದಳು, "ಯವ್ವಾ, ನಾ ಬೇಕಂತ ಮಾಡ್ಲಿಲ್ಲಬೇ," ಎನ್ನುತ್ತಿದ್ದಳು. ದೊಡ್ಡದು ಆ ಕಡೆ, ಸಣ್ಣದು ಈ ಕಡೆ. ಹನ್ನೊಂದು ವರ್ಷ ಮಾಡಿದ ಕೆಲಸ.

ಒಳಗೆ ಬಂದು ಶಂಕ್ರಿಯ ಮುಂಗೈಗೆ ಅರಿಶಿನ ಒತ್ತಿ ಬಟ್ಟೆ ಕಟ್ಟಿದಳು. ಮಗು ಅಳಲಿಲ್ಲ. ಇನ್ನೊಂದು ಕೈಯಲ್ಲಿ ರೊಟ್ಟಿಯ ತುಂಡು ಹಾಗೇ ಇತ್ತು, ಅದನ್ನು ಕಚ್ಚುತ್ತಿತ್ತು. ಒಲೆಯ ಮೇಲಿನ ರೊಟ್ಟಿಯ ವಾಸನೆ ದುಂಡವ್ವನ ಮೂಗಿಗೆ ಬಡಿಯಿತು. ಅವಳಿಗೆ ಹಸಿವಾಯಿತು. ಮೂರು ದಿನದಿಂದ ಅವಳು ಏನೂ ತಿಂದಿರಲಿಲ್ಲ. ಬುಟ್ಟಿಯಲ್ಲಿ ಹತ್ತು ರೊಟ್ಟಿಗಳಿದ್ದವು, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಅವಳ ಕೈ ಬುಟ್ಟಿಗೆ ಹೋಗಲಿಲ್ಲ. ಶಂಕ್ರಿಯ ಬೆರಳುಗಳ ನಡುವಿನಿಂದ ಆ ತುಂಡನ್ನು ಎಳೆಯುತ್ತಿತ್ತು.

ಎಳೆಯುತ್ತಿರುವುದು ತಾನೇ ಎಂದು ತಿಳಿದಾಗ ದುಂಡವ್ವ ಕೈ ಸುಟ್ಟವಳಂತೆ ಹಿಂದೆ ಹಾರಿದಳು. ಬುಟ್ಟಿಯನ್ನೂ ನೀರಿನ ತಂಬಿಗೆಯನ್ನೂ ಮಗುವಿನ ಮುಂದಿಟ್ಟಳು. ಬಾಗಿಲ ಕೆಳಗಿನ ಚಿಲಕವನ್ನು ತೋರಿಸಿದಳು.

"ಶಂಕ್ರೀ, ನಾ ಹೊರಗ ಹೋಗ್ತೀನಿ. ಇದನ್ನ ಒಳಗಿಂದ ಹಾಕ್ಕೊ. ನಿಮ್ಮಕ್ಕ ಕರದ್ರೂ ತೆಗೀಬ್ಯಾಡ. ನಾ ಕರದ್ರೂ ತೆಗೀಬ್ಯಾಡ. ತಿಳೀತಿಲ್ಲೊ? ನಾ ಅತ್ರೂ ತೆಗೀಬ್ಯಾಡ."

ಚಿಲಕ ಬಿದ್ದ ಸದ್ದು ಕೇಳುವವರೆಗೆ ಹೊಸ್ತಿಲಾಚೆ ನಿಂತಳು. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕಟ್ಟೆಯ ಮೇಲೆ ಕುಳಿತಳು. ಬಚ್ಚಲಿನಲ್ಲಿ ಕಸ್ತೂರಿ ಸುಮ್ಮನಾಗಿದ್ದಳು. ಓಣಿಯ ತುದಿಯವರೆಗೆ ಒಂದೊಂದೇ ಮನೆಯಿಂದ ಅಳು ಏಳುತ್ತಿತ್ತು. ಕೆಲವು ಮನೆಗಳಲ್ಲಿ ಎದ್ದ ಅಳು ತಟ್ಟನೆ ನಿಲ್ಲುತ್ತಿತ್ತು. ರಾಜಮಾ ಯಾರ್ಯಾರ ಹೆಸರೋ ಹಿಡಿದು ಕೂಗುತ್ತ ಓಡುತ್ತಿದ್ದಳು. ಎದ್ದು ಹೋಗಬೇಕೆಂದರೆ ದುಂಡವ್ವನ ಕಾಲುಗಳು ಆ ಬಾಗಿಲನ್ನು ಬಿಟ್ಟು ಏಳಲಿಲ್ಲ.

ಒಳಗಿನಿಂದ ರೊಟ್ಟಿ ಅಗಿಯುವ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ನಿಂತಿತು.

"ಯವ್ವಾ," ಎಂದಳು ಶಂಕ್ರಿ ಬಾಗಿಲ ಸಂದಿನಿಂದ. "ನೀ ಉಂಡೀಬೇ?"

"ಉಂಡೀನವ್ವ," ಎಂದಳು ದುಂಡವ್ವ. "ಚಿಲಕಾ ತೆಗೀಬ್ಯಾಡ."

ಹೇಳುವಾಗ ಅವಳು ಎದ್ದು ನಿಂತಿದ್ದಳು. ಎರಡೂ ಅಂಗೈಗಳು ಬಾಗಿಲ ಮೇಲಿದ್ದವು, ಮತ್ತು ಅವು ಮೆಲ್ಲಗೆ, ಬಿಡದೆ, ಬಾಗಿಲನ್ನು ಒಳಕ್ಕೆ ದೂಡುತ್ತಿದ್ದವು.